ಹೆಂಡದಂಗಡಿಯಲ್ಲಿ ಹಾಲು ಕೇಳಿದ ವೀರ

ಹೆಂಡದಂಗಡಿಯೊಂದರ ಬಾಗಿಲು ತೆರೆಯುತ್ತದೆ. ಒಳಗೆ ಕುಡಿದು ಕುಳಿತ ಪುಂಡರು ತಲೆಯೆತ್ತಿ ನೋಡುತ್ತಾರೆ. ಉದ್ದವಾದ ಮೇಲಂಗಿ, ತಲೆಗೆ ಟೊಪ್ಪಿ, ಕಣ್ಣಿಗೆ ಕಪ್ಪು ಕನ್ನಡಕ ಧರಿಸಿದ ಆಜಾನುಬಾಹು ವ್ಯಕ್ತಿಯೊಬ್ಬನು ತೋಳವೊಂದನ್ನು ಜತೆಗೆ ಕರೆದುಕೊಂಡು ಒಳಬರುತ್ತಾನೆ. ತನಗೆ ಒಂದು ಲೋಟ ಹಾಲು ಬೇಕೆಂದು ಕೇಳುತ್ತಾನೆ. ಪುಂಡರು ಗಹಗಹಿಸಿ ನಗುತ್ತಾರೆ. ಆಮೇಲೆ ಏನಾಗುತ್ತದೆಂಬುದನ್ನು ಫ್ಯಾಂಟಮ್‌ನ ಚಿತ್ರಕಥೆಗಳನ್ನು ಓದಿದ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ನಕ್ಕವನ ದವಡೆಯ ಮೇಲೆ ತಲೆಬುರುಡೆಯ ಮುದ್ರೆ ಬೀಳುತ್ತದೆ.

ಹೋಟೆಲು ಉದ್ಯಮದಲ್ಲಿ ಅರ್ಧ ಆಯುಷ್ಯವನ್ನು ಕಳೆದು ಅನಂತರ ಲೇಖನಿಯನ್ನು ಹಿಡಿದ ನಮಗೆ ಈ ಪ್ರಸಂಗವು ಮೊದಲಿನಿಂದಲೂ ಅತ್ಯಂತ ಪ್ರಿಯವಾದುದು. ಗಿರಾಕಿಯು ಏನನ್ನು ತರಹೇಳುತ್ತಾನೆಂಬುದರಿಂದ ಅವನ ಸ್ವಭಾವವನ್ನು ಅಳೆಯುವ ಅಭ್ಯಾಸವು ಗಲ್ಲೆಯಲ್ಲಿ ಕುಳಿತವರಿಗೆ ತಾನಾಗಿಯೇ ಬಂದುಬಿಡುತ್ತದೆ. ಇಷ್ಟು ಬಲಶಾಲಿಯಾದವನು, ಇಷ್ಟು ಜನರ ಅಪಹಾಸ್ಯದ ನಡುವೆ, ತನಗೆ ಬೇಕಾದ ಹಾಲನ್ನೇ ಸಂಕೋಚವಿಲ್ಲದೆ ಕೇಳಿ ಕುಡಿಯುತ್ತಾನಲ್ಲ, ಆ ಧೈರ್ಯವು ಹತ್ತು ಮಂದಿಯನ್ನು ಹೊಡೆದುರುಳಿಸುವ ಧೈರ್ಯಕ್ಕಿಂತ ದೊಡ್ಡದೆಂದು ನಮ್ಮ ಅಭಿಪ್ರಾಯ. ಸಂಬಳದ ದಿನ ರಾತ್ರಿ ಸಂಗಡಿಗರು ಬಾರಿನ ಕಡೆಗೆ ಕೈಹಿಡಿದು ಎಳೆದಾಗ ‘ನನಗೆ ಬೇಡ ಮಾರಾಯಾ’ ಎಂದು ಕೋಣೆಗೆ ಹಿಂದಿರುಗಿದವರಿಗೆ ಇದರ ಬೆಲೆ ತಿಳಿದಿದೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಕಳೆದ ಮಳೆಗಾಲದಲ್ಲಿ ತುರ್ಭೆಯ ರದ್ದಿ ಅಂಗಡಿಯೊಂದರಲ್ಲಿ, ತೂಕಕ್ಕೆ ಬಂದ ಹಳೆಯ ಕಾಗದದ ಕಟ್ಟಿನ ನಡುವೆ ೧೮ ಇಂದ್ರಜಾಲ ಕಾಮಿಕ್ಸುಗಳು ನಮ್ಮ ಕಣ್ಣಿಗೆ ಬಿದ್ದವು. ಹೆಚ್ಚಿನವು ಹಿಂದಿ ಮತ್ತು ಮರಾಠಿ. ಮೂರು ಮಾತ್ರ ಕನ್ನಡ. ಅವನ್ನು ತಂದು ಒರಸಿ ಕಚೇರಿಯ ಬೆಂಚಿನ ಮೇಲೆ ಇಟ್ಟೆವು. ಮಾರುಕಟ್ಟೆಯ ಸುತ್ತಲಿನ ಹೋಟೆಲುಗಳಲ್ಲಿ ಊಟದ ಗದ್ದಲ ಮುಗಿದು ಮೂರು ಗಂಟೆಯ ವಿರಾಮದಲ್ಲಿ ನಮ್ಮಲ್ಲಿಗೆ ಬರುವ ಬಂಧುಗಳು, ಹೇಳಲು ಸಂಕೋಚವಾದರೂ ಹೇಳಬೇಕು, ನಮ್ಮ ಪತ್ರಿಕೆಯನ್ನೇ ಬದಿಗೆ ಸರಿಸಿ ಆ ಪುಸ್ತಕಗಳಿಗೆ ಮುತ್ತಿಕೊಂಡರು. ಐವತ್ತು ದಾಟಿದ ಭಟ್ಟರೂ, ಇಪ್ಪತ್ತರ ಸಪ್ಲಾಯರನೂ, ವಾಶಿಯ ಆಫೀಸಿನಿಂದ ಬಂದ ಗುಮಾಸ್ತರೂ ಒಂದೇ ಪುಟದ ಮೇಲೆ ಬಗ್ಗಿದ್ದನ್ನು ಕಂಡು ನಮಗೆ ಆಶ್ಚರ್ಯವಾಯಿತು. ಕೈಯಲ್ಲಿ ಮೊಬೈಲು ಇದೆ, ಅದರಲ್ಲಿ ಜಗತ್ತಿನ ಸಿನೆಮಾಗಳೆಲ್ಲ ಇವೆ. ಆದರೂ ಬಣ್ಣ ಮಾಸಿದ ಈ ಸರಳ ಕಥೆಗಳಲ್ಲಿ ಅಂಥದು ಏನಿದೆ?

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಅಮೆರಿಕದ ಲೀ ಫಾಕ್ ಎಂಬ ಲೇಖಕನು ೧೯೩೪ರಲ್ಲಿ ಜಾದುಗಾರ ಮಾಂಡ್ರೇಕನನ್ನೂ ೧೯೩೬ರ ಫೆಬ್ರವರಿ ೧೭ರಂದು ಫ್ಯಾಂಟಮ್‌ನನ್ನೂ ದಿನಪತ್ರಿಕೆಗಳ ಚಿತ್ರಪಟ್ಟಿಯಲ್ಲಿ ಲೋಕಕ್ಕೆ ಪರಿಚಯಿಸಿದನು. ಫ್ಯಾಂಟಮ್‌ನಿಗೆ ಹಾರಲು ಬಾರದು, ಗುಂಡು ತಾಗಿದರೆ ರಕ್ತ ಬರುತ್ತದೆ, ಅಮಾನುಷ ಶಕ್ತಿ ಒಂದೂ ಇಲ್ಲ. ಅವನ ಪೂರ್ವಜನೊಬ್ಬನು ೧೫೩೬ರಲ್ಲಿ ಕಡಲ್ಗಳ್ಳರಿಂದ ತಂದೆಯನ್ನು ಕಳೆದುಕೊಂಡು, ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದನು. ಅಂದಿನಿಂದ ತಂದೆ ಸತ್ತಾಗ ಮಗನು ಅದೇ ಮುಖವಾಡವನ್ನು ಧರಿಸುತ್ತ ಬಂದು, ಈಗಿನವನು ೨೧ನೆಯವನು. ಕಾಡಿನ ಜನರು ಮಾತ್ರ ಇವನು ಸಾವಿಲ್ಲದ ಒಬ್ಬನೇ ಎಂದು ನಂಬಿದ್ದಾರೆ. ನಮ್ಮ ದೇಶದಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು ೧೯೬೪ರ ಮಾರ್ಚಿಯಲ್ಲಿ ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿದಾಗ ಮೊದಲ ಸಂಚಿಕೆಯೇ ಫ್ಯಾಂಟಮ್‌ನದು, ಬೆಲೆ ೬೦ ಪೈಸೆ. ತಿಂಗಳಿಗೊಂದು ಬರುತ್ತಿದ್ದುದು ಪಕ್ಷಕ್ಕೊಂದಾಗಿ, ಕೊನೆಗೆ ವಾರಕ್ಕೊಂದಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಹರಡಿ, ೮೦೦ಕ್ಕೂ ಮಿಕ್ಕಿದ ಸಂಚಿಕೆಗಳನ್ನು ಕಂಡು ೧೯೯೦ರಲ್ಲಿ ನಿಂತುಹೋಯಿತು. ಹಿಂದಿ, ಮರಾಠಿಗಳಲ್ಲಿ ಅವನ ಹೆಸರು ವೇತಾಳ.

ಹಿರಿಯ ಹೋಟೆಲು ಬಂಧುಗಳಿಂದ ನಾವು ಕೇಳಿದ ಸಂಗತಿಯೊಂದನ್ನು ಇಲ್ಲಿ ದಾಖಲಿಸಬೇಕು. ಹನ್ನೆರಡು, ಹದಿನಾಲ್ಕು ವರ್ಷದ ಮಾಣಿಗಳಾಗಿ ಈ ಊರಿಗೆ ಬಂದಿಳಿದವರಿಗೆ ಹಿಂದಿಯೂ ಇಲ್ಲ, ಮರಾಠಿಯೂ ಇಲ್ಲ. ರಾತ್ರಿ ಶಾಲೆಗೆ ಹೋದ ಭಾಗ್ಯಶಾಲಿಗಳು ಹೋದರು; ಉಳಿದವರಿಗೆ ಗಿರಾಕಿಯು ಮೇಜಿನ ಮೇಲೆ ಮರೆತುಹೋದ ಇಂದ್ರಜಾಲವೇ ಪಾಠಪುಸ್ತಕವಾಯಿತು. ಚಿತ್ರದಲ್ಲಿ ಕುದುರೆ ಓಡುತ್ತಿದೆ, ಕೆಳಗಿನ ಅಕ್ಷರ ಏನೆಂದು ಊಹಿಸಬಹುದು. ಖಳನು ಕೈಯೆತ್ತಿದ್ದಾನೆ, ‘ಕ್ಷಮಿಸು’ ಎಂಬುದಕ್ಕೆ ಹಿಂದಿಯಲ್ಲಿ ಏನೆಂದು ತಿಳಿಯುತ್ತದೆ. ಹೀಗೆ ದೇವನಾಗರಿ ಲಿಪಿಯನ್ನು ಫ್ಯಾಂಟಮ್‌ನ ಕೃಪೆಯಿಂದ ಕಲಿತು, ಮುಂದೆ ಲೈಸೆನ್ಸಿನ ಅರ್ಜಿಯನ್ನು ತಾವೇ ತುಂಬಿದ ಮಾಲಿಕರು ನಮ್ಮ ಪರಿಚಯದವರಲ್ಲಿ ಇಬ್ಬರಿದ್ದಾರೆ. ಹಾಸಿಗೆ ಸುತ್ತಿಡುವ ಮಾಳಿಗೆಯ ಮೇಲೆ ಒಂದೇ ಪುಸ್ತಕ ಎಂಟು ಕೈ ದಾಟುತ್ತಿತ್ತಂತೆ. ಅದನ್ನು ಮಾಲಿಕನ ಹೆಂಡತಿ ಕಂಡರೂ ಬೈಯುವಂತಿರಲಿಲ್ಲ. ಏಕೆಂದರೆ ಅದರಲ್ಲಿ ಮುಚ್ಚಿಡಬೇಕಾದ ಪುಟ ಒಂದೂ ಇರಲಿಲ್ಲ. ಈ ಕೊನೆಯ ಮಾತನ್ನು ನಾವು ಮತ್ತೆ ಪ್ರಸ್ತಾಪಿಸಲಿದ್ದೇವೆ.

ವಿದ್ಯಾವಂತ ಮಿತ್ರರೊಬ್ಬರು ಆಕ್ಷೇಪಿಸಿದರು: ‘ಆ ಕಥೆಗಳ ಕೊನೆ ಮೊದಲ ಪುಟದಲ್ಲಿಯೇ ತಿಳಿಯುತ್ತದೆ. ಒಳ್ಳೆಯವನು ಗೆಲ್ಲುತ್ತಾನೆ. ಓದುವುದೇಕೆ?’ ನಾವು ಅವರನ್ನು ಕೇಳಿದೆವು: ‘ಮೊನ್ನೆ ನೀವು ರಾತ್ರಿಯಿಡೀ ನಿದ್ದೆಗೆಟ್ಟು ಯಕ್ಷಗಾನಕ್ಕೆ ಕುಳಿತಿರಲ್ಲ, ಕೀಚಕನು ಸಾಯುವನೋ ಬದುಕುವನೋ ಎಂಬ ಸಂದೇಹದಿಂದಲೆ?’ ಅವರು ಮಾತನಾಡಲಿಲ್ಲ. ಬಣ್ಣದ ವೇಷವು ತೆರೆಯ ಹಿಂದಿನಿಂದ ಆರ್ಭಟಿಸಿದಾಗ ಅವನು ರಾಕ್ಷಸನೆಂದು ತೊಡೆಯ ಮೇಲೆ ಮಲಗಿದ ಮಗುವಿಗೂ ತಿಳಿಯುತ್ತದೆ. ಅವನು ಸೋಲುವನೆಂಬುದೂ ತಿಳಿದದ್ದೇ. ಸೋಲುವ ಬಗೆ ಯಾವುದು, ಭಾಗವತರು ಯಾವ ರಾಗ ಎತ್ತುತ್ತಾರೆ, ಭೀಮನ ವೇಷಧಾರಿಯು ಇವತ್ತು ಎಷ್ಟು ಸುತ್ತು ಧೀಂಗಣ ಹಾಕುತ್ತಾನೆ ಎಂಬುದಷ್ಟೇ ನೋಡತಕ್ಕದ್ದು. ಫ್ಯಾಂಟಮ್‌ನ ವಾಚಕನೂ ಅದೇ ರಸಿಕ. ಗೆಲವು ನಿಶ್ಚಿತವಾಗಿರುವುದರಿಂದಲೇ ಅವನು ನಿಶ್ಚಿಂತನಾಗಿ ಭಯಪಡಬಲ್ಲನು.

ಇನ್ನು ನಮ್ಮ ಕರಾವಳಿಯವರ ಮಟ್ಟಿಗೆ ಬೇರೊಂದು ಕಾರಣವಿದೆಯೆಂದು ನಮಗೆ ತೋರುತ್ತದೆ. ದೈವಗಳನ್ನು ಚಿತ್ರಪುಸ್ತಕಕ್ಕೆ ಸರಿಗಟ್ಟುವ ಉದ್ಧಟತನ ನಮ್ಮಲ್ಲಿ ಇಲ್ಲ. ಆದರೆ ನಡೆದಾಡುವ ಭೂತವೆಂದು ಹೆಸರುಗೊಂಡ ವೀರನೊಬ್ಬನು ಮುಖ ಮರೆಸಿಕೊಂಡು ಬಂದು ಬಡವನಿಗೆ ನ್ಯಾಯ ಕೊಡುತ್ತಾನೆಂದರೆ ಅಮೆರಿಕದ ಓದುಗನಿಗೆ ಅದು ನವೀನ ಕಲ್ಪನೆ, ತುಳುನಾಡಿನ ಹುಡುಗನಿಗೆ ನೇಮದ ರಾತ್ರಿಯ ನೆನಪು. ಕಟ್ಟುವ ದೇಹವು ತಲೆಮಾರಿಗೊಂದು, ಮುಖವರ್ಣಿಕೆ ಅದೇ, ಕೊಟ್ಟ ನುಡಿ ಅದೇ. ಕೋಟಿ ಚೆನ್ನಯರು ಸತ್ತು ಶತಮಾನಗಳಾದರೂ ಗರಡಿಯಲ್ಲಿ ಅವರ ಎದುರು ಸುಳ್ಳು ಹೇಳಲು ಇಂದಿಗೂ ಜನ ಅಂಜುತ್ತಾರೆ. ೨೧ನೆಯ ಫ್ಯಾಂಟಮ್‌ನನ್ನು ಒಪ್ಪಿಕೊಳ್ಳಲು ನಮ್ಮವರಿಗೆ ಯಾವ ಪೀಠಿಕೆಯೂ ಬೇಕಾಗಲಿಲ್ಲ.

ಸೂಪರ್‌ಮ್ಯಾನ್‌ನ ವಿಷಯವು ಗುಮಾಸ್ತ ಬಂಧುಗಳಿಗೆ ಸೇರಿದ್ದು. ಕ್ಲೀವ್‌ಲ್ಯಾಂಡ್ ನಗರದಲ್ಲಿ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳಾದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ತರುಣರಿಬ್ಬರು ಸೃಷ್ಟಿಸಿದ ಈ ವೀರನು ೧೯೩೮ರ ಜೂನ್ ಸಂಚಿಕೆಯೊಂದಿಗೆ ಪ್ರಕಟವಾದನು; ಅದರ ಸಮಸ್ತ ಹಕ್ಕಿಗೆ ಅವರಿಬ್ಬರಿಗೂ ಸೇರಿ ದೊರೆತುದು ೧೩೦ ಡಾಲರು. ಈ ಲೆಕ್ಕವನ್ನು ಓದಿದಾಗ ನಮ್ಮಲ್ಲಿ ಕೆಲವರಿಗೆ ತಮ್ಮ ಮೊದಲ ಸಂಬಳ ನೆನಪಾದೀತು. ಇರಲಿ. ವಲಸೆಗಾರರ ಮಕ್ಕಳು ಬರೆದ ವೀರನೂ ವಲಸೆಗಾರನೇ. ಕ್ರಿಪ್ಟಾನ್ ಎಂಬ ತನ್ನ ಗ್ರಹ ಸಿಡಿಯುವ ಮುನ್ನ ತಂದೆತಾಯಿಗಳು ಅವನನ್ನು ದೂರಕ್ಕೆ ಕಳುಹಿಸಿದರು; ಹಳ್ಳಿಯ ದಂಪತಿಗಳು ಸಾಕಿದರು; ಬೆಳೆದ ಮೇಲೆ ಹೊಟ್ಟೆಪಾಡಿಗೆ ಮಹಾನಗರಕ್ಕೆ ಬಂದು ಪತ್ರಿಕಾಲಯದಲ್ಲಿ ನೌಕರಿ ಹಿಡಿದನು. ಕನ್ನಡಕ, ಮುದುಡಿದ ಭುಜ, ಮೇಲಧಿಕಾರಿಯ ಬೈಗುಳ. ಹೆಸರು ಕ್ಲಾರ್ಕ್. ನಮ್ಮ ಕಚೇರಿಗೆ ಬರುವ ವೃದ್ಧ ಗುಮಾಸ್ತರೊಬ್ಬರು ಅದು ಅವನ ಹುದ್ದೆಯೆಂದೇ ಬಹುಕಾಲ ತಿಳಿದಿದ್ದರಂತೆ, ‘ನಮ್ಮ ಜಾತಿಯವನು’ ಎಂದು ಅಭಿಮಾನಪಟ್ಟಿದ್ದರಂತೆ. ಅವರ ತಿಳಿವಳಿಕೆಯನ್ನು ತಿದ್ದಲು ನಮಗೆ ಮನಸ್ಸು ಬರಲಿಲ್ಲ. ಹಗಲು ಎಂಜಲು ಮೇಜು ಒರಸುವವನು ಶನಿವಾರ ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿ ರಂಗಸ್ಥಳದಲ್ಲಿ ದೇವೇಂದ್ರನಾಗಿ ನಿಲ್ಲುವುದನ್ನು ಮುಂಬಯಿಯ ಕನ್ನಡಿಗರು ಕಂಡೇ ಇದ್ದಾರೆ. ಮರುದಿನ ಬೆಳಗ್ಗೆ ಅವನನ್ನು ‘ಏಯ್, ಎರಡು ಚಾ’ ಎಂದು ಕೂಗುವ ಗಿರಾಕಿಗೆ ಇದು ತಿಳಿಯದು. ತಿಳಿಯದಿರುವುದೇ ಅವನಿಗೆ ಒಳಗೊಳಗೆ ಸಂತೋಷ. ಈ ಸಂತೋಷವನ್ನೇ ಆ ಪುಸ್ತಕಗಳು ಮಾರುತ್ತಿದ್ದವು.

ಇಂದ್ರಜಾಲದ ಆರಂಭದಲ್ಲಿ ದುಡಿದವರು ನಮ್ಮ ಕಾರ್ಕಳದವರು ಎಂಬುದನ್ನು ಎಷ್ಟು ವಾಚಕರು ಬಲ್ಲರೋ ನಾವರಿಯೆವು. ೧೯೨೯ರಲ್ಲಿ ಕಾರ್ಕಳದಲ್ಲಿ ಜನಿಸಿ, ಎರಡು ವರ್ಷದೊಳಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ೧೨ನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಮಾಹಿಮಿನ ಶಾಲೆಯಲ್ಲಿ ಓದಿದ ಅನಂತ ಪೈಯವರು ರಾಸಾಯನಿಕ ತಂತ್ರಶಾಸ್ತ್ರದ ಪದವಿ ಪಡೆದೂ ಪುಸ್ತಕ ಪ್ರಕಟನೆಯ ಹುಚ್ಚು ಹಿಡಿಸಿಕೊಂಡರು. ಟೈಮ್ಸ್ ಸಂಸ್ಥೆಯಲ್ಲಿ ಇಂದ್ರಜಾಲವನ್ನು ನಡೆಸಿದ ಅವರು ೧೯೬೭ರಲ್ಲಿ ದೆಹಲಿಯ ದೂರದರ್ಶನದಲ್ಲಿ ರಸಪ್ರಶ್ನೆಯೊಂದನ್ನು ಕಂಡರು. ಗ್ರೀಕರ ದೇವತೆಗಳ ವಿಷಯಕ್ಕೆ ಥಟ್ಟನೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಅಮರ ಚಿತ್ರಕಥೆಯ ಹಿಂದಿನ ಪ್ರೇರಣೆ ಇದೆಂದು ಅವರು ಹೇಳುತ್ತಿದ್ದರು. ಅನಂತರ ಇಂಡಿಯಾ ಬುಕ್ ಹೌಸಿನಿಂದ ‘ಕೃಷ್ಣ’ ಪ್ರಕಟವಾಯಿತು, ಸಂಖ್ಯೆ ೧೧. ಮೊದಲ ಹತ್ತು ಎಲ್ಲಿ? ಅವು ಕನ್ನಡದವು! ಆ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಸೂಚನೆಯಂತೆ ೧೯೬೫ರಲ್ಲಿಯೇ ಪಾಶ್ಚಾತ್ಯ ಕಿನ್ನರ ಕಥೆಗಳು ಕನ್ನಡದಲ್ಲಿ ಚಿತ್ರಕಥೆಗಳಾಗಿ ಹೊರಬಂದಿದ್ದವು. ದೇಶವೆಲ್ಲ ಓದಿದ ಮಾಲೆಯ ಮೊದಲ ಹತ್ತು ಮಣಿಗಳು ಕನ್ನಡದವೆಂಬುದು ಸಣ್ಣ ಮಾತಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನೂ ಬಸವೇಶ್ವರರೂ ಮುಂದೆ ಅದರಲ್ಲಿ ಸೇರಿದರು. ೧೯೮೦ರಲ್ಲಿ ‘ಟಿಂಕಲ್’ ಮಾಸಿಕವನ್ನು ಆರಂಭಿಸಿ ಮಕ್ಕಳಿಗೆ ‘ಅಂಕಲ್ ಪೈ’ ಆದ ಅವರು ೨೦೧೧ರ ಫೆಬ್ರವರಿ ೨೪ರಂದು ದಿವಂಗತರಾದರು. ತಬ್ಬಲಿ ಹುಡುಗನೊಬ್ಬನು ಊರು ಬಿಟ್ಟು ಬಂದು ದೇಶದ ಮಕ್ಕಳಿಗೆ ಅವರವರ ಅಜ್ಜಿಯಾದನು ಎಂದರೆ ಅತಿಶಯೋಕ್ತಿಯಾಗದು.

ನಮ್ಮ ಪೀಳಿಗೆಯವರಿಗೆ ಮಾತ್ರ ಮೊದಲ ವೀರನು ಒಂದು ಇಲಿ. ನಗಬೇಡಿ. ‘ಬಾಲಮಂಗಳ’ದ ಡಿಂಗ! ಮಲಯಾಳದಲ್ಲಿ ೧೯೮೩ರಲ್ಲಿ ಡಿಂಕನ್ ಎಂಬ ಹೆಸರಿನಿಂದ ಹುಟ್ಟಿ ಕನ್ನಡಕ್ಕೆ ಬಂದ ಈ ತುಂಟ ಇಲಿಯನ್ನು ಅನ್ಯಗ್ರಹದವರು ಹೊತ್ತುಕೊಂಡು ಹೋಗಿ ಏನೋ ಪ್ರಯೋಗ ಮಾಡಿದರು. ಅದು ಮಹಾಶಕ್ತಿಯೊಂದಿಗೆ ಕಾಡಿಗೆ ಹಿಂದಿರುಗಿತು. ಅಂದಿನಿಂದ ಕಾಡಿನ ಯಾವ ದುರ್ಬಲ ಪ್ರಾಣಿ ಕೂಗಿದರೂ ಡಿಂಗನು ಹಾರಿಬರುತ್ತಿದ್ದನು. ಕಾಸರಗೋಡಿನಿಂದ ಕುಂದಾಪುರದವರೆಗೆ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಾಲಮಂಗಳವು ತೂಗಾಡುತ್ತಿದ್ದುದನ್ನೂ, ಒಂದು ಸಂಚಿಕೆಗಾಗಿ ನಾವು ಗೇರುಬೀಜ ಹೆಕ್ಕಿ ಮಾರಿದುದನ್ನೂ ಹೇಳದೆ ಇರಲಾರೆವು. ಮನೆಯಲ್ಲಿ ‘ಸುಧಾ’ ತರಿಸುವವರಿದ್ದರೆ ಅದರಲ್ಲಿ ಫ್ಯಾಂಟಮ್‌ನ ಪುಟ ಸಿಗುತ್ತಿತ್ತು. ಅದನ್ನು ಓದಲು ಮೊದಲ ಸರದಿ ತಂದೆಯವರದು. ಎಸ್.ಎಸ್.ಎಲ್.ಸಿ.ಯ ಗಣಿತ ಮರೆತುಹೋಗಿದೆ, ಡಿಂಗ ಮರೆತಿಲ್ಲ.

ಮುಚ್ಚಿಡಬೇಕಾದ ಪುಟವಿಲ್ಲ ಎಂದೆವಷ್ಟೆ. ಅದು ಆಕಸ್ಮಿಕವಾಗಿ ಬಂದುದಲ್ಲ. ಅಮೆರಿಕದಲ್ಲಿ ಐವತ್ತರ ದಶಕದ ಆರಂಭದಲ್ಲಿ ಭೀಭತ್ಸ ಕಾಮಿಕ್ಸುಗಳು ವಿಪರೀತವಾಗಿ ಹೆಚ್ಚಿ, ೧೯೫೪ರಲ್ಲಿ ಅಲ್ಲಿನ ಸೆನೆಟ್ ಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ನಿಯಮಾವಳಿಯೊಂದನ್ನು ಹಾಕಿಕೊಂಡರು. ಕೊನೆಗೆ ಧರ್ಮಕ್ಕೇ ಜಯವಾಗತಕ್ಕದ್ದು ಎಂಬುದು ಅದರಲ್ಲಿ ಒಂದು. ನಮ್ಮ ಸಂಸತ್ತೂ ೧೯೫೬ರಲ್ಲಿ, ೨೦ ವರ್ಷದೊಳಗಿನವರನ್ನು ಕೆಡಿಸುವ ಹಾನಿಕರ ಪ್ರಕಟನೆಗಳ ವಿರುದ್ಧ ಕಾಯಿದೆಯನ್ನು ಮಾಡಿತು. ಕಾಯಿದೆಯಿಂದ ಒಳ್ಳೆಯ ಕಥೆ ಹುಟ್ಟುತ್ತದೆಂದು ನಾವು ನಂಬುವವರಲ್ಲ. ಅಮೆರಿಕದ ಆ ನಿಯಮಾವಳಿಯಿಂದ ಬಾಲಿಶವಾದ ಕಥೆಗಳೂ ರಾಶಿರಾಶಿಯಾಗಿ ಬಂದವು. ಕ್ರಮೇಣ ಅದು ಸಡಿಲಾಗಿ ೨೦೧೧ರಲ್ಲಿ ಪೂರ್ತಿ ಅಳಿಯಿತು. ಅಷ್ಟರಲ್ಲಿ, ೧೯೮೬ರ ಸುಮಾರಿಗೆ ಫ್ರಾಂಕ್ ಮಿಲ್ಲರ್, ಅಲನ್ ಮೂರ್ ಮುಂತಾದವರು ಮುಖವಾಡದ ವೀರನ ಮನಸ್ಸಿನ ಕತ್ತಲನ್ನು ಬರೆಯತೊಡಗಿದ್ದರು. ಅವು ಪ್ರಾಪ್ತವಯಸ್ಕರಿಗೆ ಯೋಗ್ಯವಾದ ಸಮರ್ಥ ಕೃತಿಗಳೆಂದು ಬಲ್ಲವರು ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಆದರೆ ಅವರ ಶಿಷ್ಯಕೋಟಿಯು ಕತ್ತಲನ್ನಷ್ಟೇ ಕಲಿತುಕೊಂಡಿತು. ೨೦೧೩ರ ಸಿನೆಮಾದಲ್ಲಿ ಸೂಪರ್‌ಮ್ಯಾನ್‌ನು ವೈರಿಯ ಕತ್ತು ಮುರಿದು ಕೊಲ್ಲುತ್ತಾನೆ. ಅವನ ಹಳೆಯ ಕೆಂಪು ಚಡ್ಡಿಯನ್ನೂ ಅದರಲ್ಲಿ ಕಿತ್ತುಹಾಕಿದ್ದರು. ೨೦೨೫ರ ಜುಲೈಯಲ್ಲಿ ಬಂದ ಹೊಸ ಸಿನೆಮಾದಲ್ಲಿ ಚಡ್ಡಿ ಮರಳಿತು. ಮಾತ್ರವಲ್ಲ, ನಗರವೇ ಕುಸಿಯುತ್ತಿರುವಾಗ ಆ ಮಹಾವೀರನು ಒಂದು ಅಳಿಲನ್ನು ಎತ್ತಿ ಕಾಪಾಡುತ್ತಾನೆ. ಆ ಅಳಿಲನ್ನು ಕಂಡು ನಮ್ಮ ಪಕ್ಕದ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಕೈಮುಗಿದರು. ಅವರಿಗೆ ನೆನಪಾದ ಸೇತುವೆ ಯಾವುದೆಂದು ವಾಚಕರು ಬಲ್ಲರು.

ಹಳೆಯದೆಲ್ಲ ಹೊನ್ನೆಂದು ಸಾರುವುದು ನಮ್ಮ ಉದ್ದೇಶವಲ್ಲ. ಬಿಳಿಯನೊಬ್ಬನು ಕಾಡಿನ ಕರಿಯ ಜನರಿಗೆ ತಲೆತಲಾಂತರದಿಂದ ರಕ್ಷಕನಂತೆ! ಈ ಕಲ್ಪನೆಯಲ್ಲಿರುವ ದೊರೆತನದ ವಾಸನೆಯು ಪುಟಪುಟದಲ್ಲಿಯೂ ಬಡಿಯುತ್ತದೆ. ಮಾಂಡ್ರೇಕನ ಸಂಗಾತಿ ಲೋಥಾರನನ್ನು ಮೊದಮೊದಲು ಚಿರತೆಯ ಚರ್ಮ ಉಡಿಸಿ ಆಳಿನಂತೆ ಚಿತ್ರಿಸಿದ್ದರು. ಅಮರ ಚಿತ್ರಕಥೆಯಲ್ಲಿಯೂ ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ ಇರುವುದನ್ನು ಬಲ್ಲವರು ಖಂಡಿಸಿದ್ದಾರೆ. ಬಿಸಿಲಿನಲ್ಲಿ ಮೂಟೆ ಹೊರುವ ನಮ್ಮ ಮಾರುಕಟ್ಟೆಯ ಮಾಥಾಡಿ ಬಂಧುವಿನ ಮಗು ಅದನ್ನು ನೋಡಿ ತನ್ನ ತಂದೆಯನ್ನು ಯಾವ ಪಂಕ್ತಿಗೆ ಸೇರಿಸಬೇಕು? ಇದನ್ನು ಮಗುವಿಗೆ ಬಾಯಿಬಿಟ್ಟು ಹೇಳಿಯೇ ಪುಸ್ತಕವನ್ನು ಕೈಗೆ ಕೊಡಬೇಕು. ೧೯೭೬ರಲ್ಲಿ ಆಬಿದ್ ಸುರತಿಯವರು ಇಂದ್ರಜಾಲಕ್ಕಾಗಿ ಸೃಷ್ಟಿಸಿದ ಬಹಾದುರನು ಈ ದೃಷ್ಟಿಯಿಂದ ನಮಗೆ ಹೆಚ್ಚು ಹತ್ತಿರದವನು. ತಂದೆ ದರೋಡೆಕೋರ, ಸಾಕಿದವನು ಪೊಲೀಸು ಅಧಿಕಾರಿ, ತೊಟ್ಟದ್ದು ನಮ್ಮ ದೇಶದ ಕುರ್ತಾ.

ಇಷ್ಟೆಲ್ಲ ಬರೆದುದು ಹಳೆಯ ಕಾಗದದ ಮೋಹದಿಂದಲ್ಲ. ತುರ್ಭೆ, ಕೋಪರಖೈರಣೆ, ಡೊಂಬಿವಲಿಗಳ ಒಂದು ಕೋಣೆಯ ಮನೆಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡವು ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಇಂಗ್ಲಿಷು ಓದುತ್ತಾರೆ, ಹಿಂದಿ ಮರಾಠಿ ಓದುತ್ತಾರೆ. ಅಜ್ಜಿಯ ಕಾಗದ ಬಂದರೆ ಓದಲಾರರು. ತಂದೆಯು ಏಳನೆಯ ತರಗತಿಯವರೆಗೆ ಕನ್ನಡ ಕಲಿತವನು, ಮಗನ ಇಂಗ್ಲಿಷು ಪುಸ್ತಕವನ್ನು ತೆರೆಯಲು ನಾಚುತ್ತಾನೆ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದವನಿಗೂ ಆ ಮಗುವಿಗೂ ನಡುವೆ ಓದಲು ಒಂದು ಪುಟವೂ ಸಮಾನವಾಗಿಲ್ಲ. ಮೊಬೈಲಿನಲ್ಲಿ ಇಬ್ಬರೂ ನೋಡುತ್ತಾರೆ, ಬೇರೆಬೇರೆ ಮೂಲೆಯಲ್ಲಿ. ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿಯಂತಹ ಪುಸ್ತಕಾಲಯಗಳು ಈ ಭಾಗದಲ್ಲಿ ಓದುವ ರುಚಿಯನ್ನು ಉಳಿಸಿವೆ. ಆದರೆ ಮಕ್ಕಳಿಗೆ ಕೊಡಬಹುದಾದ ಕನ್ನಡ ಚಿತ್ರಕಥೆಯನ್ನು ನಾವು ತುರ್ಭೆಯ ಸ್ಟಾಲುಗಳಲ್ಲಿ ಹುಡುಕಿ ಸೋತಿದ್ದೇವೆ.

ಬೈಂದೂರು ಕಡೆಯ ಸಪ್ಲಾಯರ್ ಒಬ್ಬರು ಆ ಮೂರು ಕನ್ನಡ ಸಂಚಿಕೆಗಳಲ್ಲಿ ಒಂದನ್ನು ಕೇಳಿ ಮನೆಗೆ ಒಯ್ದರು. ಮುಂದಿನ ವಾರ ರಜೆಯ ದಿನ, ನಾಲ್ಕನೆಯ ತರಗತಿಯ ಮಗನನ್ನು ಕರೆದುಕ���ಂಡು ಬಂದು ನಮ್ಮ ಬೆಂಚಿನ ಮೇಲೆಯೇ ಕುಳಿತರು. ‘ಅಪ್ಪಯ್ಯಾ, ಇಲ್ಲ್ ಎಂತ ಬರ್ದಿತ್?’ ಎಂದು ಹುಡುಗ ಬೆರಳಿಟ್ಟು ಕೇಳುತ್ತಾನೆ, ತಂದೆ ಓದುತ್ತಾರೆ. ಮೊದಲು ಅವನ ಬೆರಳು ಹೋದುದು ದೊಡ್ಡ ದಪ್ಪ ಅಕ್ಷರಗಳ ‘ಧಡ್’, ‘ಢಣ್’, ‘ಅಯ್ಯೋ’ಗಳಿಗೆ. ‘ಅ’ಕಾರವನ್ನು ಅವನು ಕಲಿತುದು ಖಳನು ಹೊಡೆತ ತಿಂದು ಕೂಗಿದ ‘ಅಯ್ಯೋ’ದಿಂದ. ನಾಲ್ಕು ಭಾನುವಾರ ಕಳೆಯುವುದರೊಳಗೆ ‘ಗುರಾನ್’ ಎಂಬ ಹೆಸರನ್ನು ತಾನೇ ಕೂಡಿಸಿ ಓದಿದನು. ತಂದೆಯ ಮುಖವನ್ನು ಆಗ ನೋಡಬೇಕಾಗಿತ್ತು. ಮೇಜಿಗೆ ತಿಂಡಿ ತಂದಿಡುವ ತಂದೆಯನ್ನಷ್ಟೇ ಕಂಡಿದ್ದ ಹುಡುಗನಿಗೆ, ತನಗೆ ತಿಳಿಯದ ಲಿಪಿಯೊಂದು ಅಪ್ಪಯ್ಯನಿಗೆ ತಿಳಿದಿದೆ ಎಂಬುದು ಅಂದು ಗೊತ್ತಾಯಿತು.

ತೊಂದರೆಯೆಂದರೆ ಆ ಸಂಚಿಕೆಗೆ ಮುಖಪುಟವಿಲ್ಲ, ಕೊನೆಯ ಎರಡು ಹಾಳೆಗಳೂ ಇಲ್ಲ. ಕಡಲ್ಗಳ್ಳರು ಫ್ಯಾಂಟಮ್‌ನನ್ನು ಹಡಗಿನ ತಳದಲ್ಲಿ ಸರಪಣಿಯಿಂದ ಕಟ್ಟಿದ್ದಾರೆ, ನೀರು ಎದೆಯವರೆಗೆ ಏರಿದೆ, ತೋಳ ಡೆವಿಲ್ ದಡದಲ್ಲಿ ಊಳಿಡುತ್ತಿದೆ. ಅಲ್ಲಿಗೆ ಹಾಳೆ ಹರಿದಿದೆ. ‘ಗೆಲ್ತ, ಬಿಡು’ ಎಂದರು ತಂದೆ. ‘ಗೆಲ್ತ ಅಂಬ್ದ್ ಗೊತ್ತಿತ್. ಹ್ಯಾಂಗೆ?’ ಎಂದನು ಹುಡುಗ. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆದುದರಿಂದ ವಾಚಕರಲ್ಲಿ ಅರಿಕೆ. ಊರಿನ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ, ಹೋಟೆಲಿನ ಮಾಳಿಗೆಯಲ್ಲಿ ಕನ್ನಡದ ಇಂದ್ರಜಾಲ, ಅಮರ ಚಿತ್ರಕಥೆ, ಬಾಲಮಂಗಳಗಳು ಇದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ನಮ್ಮ ತುರ್ಭೆಯ ಕಚೇರಿಯನ್ನು ನೆನೆಯಿರಿ. ಹರಿದಿದ್ದರೂ ಚಿಂತೆಯಿಲ್ಲ, ಅಂಟಿಸಿಕೊಳ್ಳುತ್ತೇವೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಬೆಂಚು ತೆರೆದಿರುತ್ತದೆ, ಮಕ್ಕಳನ್ನು ಕರೆತರಬಹುದು. ಹಡಗಿನ ತಳದ ಆ ಸರಪಣಿಯ ಕಥೆಯ ಕೊನೆಯ ಎರಡು ಹಾಳೆಗಳು ಯಾರಲ್ಲಾದರೂ ಇದ್ದರೆ ಮಾತ್ರ, ದಯವಿಟ್ಟು ಭಾನುವಾರದೊಳಗೆ ತಲುಪಿಸಬೇಕು.